ಬೆಲ್ಲದ ವ್ಯಾಪಾರಕ್ಕೆ ಯಾವ ರೂಪ? ನಾನೂ ಅತ್ತಿಗೆಯೂ ಪಾಲುದಾರರಾದ ಕತೆ

ಅಣ್ಣನ ಮನೆ ಮಂಡ್ಯ ಜಿಲ್ಲೆಯ ಪಾಂಡವಪುರ ತಾಲೂಕಿನಲ್ಲಿದೆ. ನಾಲೆ ನೀರಿನ ಊರು. ಮೂರೂವರೆ ಎಕರೆ ಕಬ್ಬು, ಗದ್ದೆಯ ಅಂಚಿನಲ್ಲಿ ಒಂದು ಆಲೆಮನೆ. ಅಣ್ಣ ಕಬ್ಬು ಬೆಳೆಯುತ್ತಾನೆ, ಅತ್ತಿಗೆ ಬೆಲ್ಲ ಮಾಡಿಸುತ್ತಾರೆ. ಪಾಕ ಹದಕ್ಕೆ ಬಂತಾ ಅಂತ ನೋಡುವುದು ಅತ್ತಿಗೆಯೇ. ಕೊಪ್ಪರಿಗೆಯಿಂದ ಒಂದಿಷ್ಟು ಪಾಕ ತೆಗೆದು ತಣ್ಣೀರಿಗೆ ಬಿಟ್ಟು, ಎರಡು ಬೆರಳಲ್ಲಿ ಉಂಡೆ ಕಟ್ಟಿ ನೋಡುತ್ತಾರೆ. ಅವರು ತಲೆಯಾಡಿಸಿದ ಮೇಲೇ ಕೊಪ್ಪರಿಗೆ ಇಳಿಸುವುದು.

ಬಣ್ಣ ತಿಳಿಯಾಗಲಿ ಅಂತ ಹಾಕುವ ಹೈಡ್ರೋಸ್ ಅನ್ನುವ ರಾಸಾಯನಿಕವನ್ನು ನಮ್ಮ ಬೆಲ್ಲಕ್ಕೆ ಹಾಕುವುದಿಲ್ಲ. ಬೆಂಡೆ ಗಿಡದ ಲೋಳೆ, ಸ್ವಲ್ಪ ಸುಣ್ಣ, ಅಷ್ಟೇ. ಹಾಗಾಗಿ ಬಣ್ಣ ಕಪ್ಪು. ಮಂಡಿಯಲ್ಲಿ ಬಣ್ಣ ನೋಡಿ ಬೆಲೆ ಕಟ್ಟುತ್ತಾರೆ. ಪ್ರತಿ ಹಂಗಾಮಿನಲ್ಲೂ ಅತ್ತಿಗೆಯ ಒಳ್ಳೆ ಬೆಲ್ಲ ಕಡಿಮೆ ದುಡ್ಡಿಗೆ ಹೋಗುವುದನ್ನು ನೋಡಿ ನನಗೆ ಹೊಟ್ಟೆ ಉರಿಯುತ್ತಿತ್ತು. ನಾನು ಮೈಸೂರಿನಲ್ಲಿ ಖಾಸಗಿ ಶಾಲೆಯೊಂದರಲ್ಲಿ ಟೀಚರ್ ಆಗಿದ್ದೆ. 2022ರ ಡಿಸೆಂಬರಿನಲ್ಲಿ 40 ಕೆಜಿ ಬೆಲ್ಲದ ಪುಡಿ ತಂದು ನಮ್ಮ ಬೀದಿಯಲ್ಲಿ, ಶಾಲೆಯಲ್ಲಿ ಮಾರಿದೆ. ಎರಡೇ ವಾರದಲ್ಲಿ ಖಾಲಿಯಾಯಿತು. ಮುಂದಿನ ತಿಂಗಳು 100 ಕೆಜಿ. ಆಮೇಲೆ ಮೈಸೂರಿನ ಒಂದು ಸಾವಯವ ಅಂಗಡಿಯವರು, "ಡಬ್ಬದಲ್ಲಿ ಹಾಕಿ, ಚೀಟಿ ಅಂಟಿಸಿ, ಬಿಲ್ ಕೊಡಿ, ನಾವು ಇಡ್ತೀವಿ" ಅಂದರು.

ಬಿಲ್ ಯಾರ ಹೆಸರಿನಲ್ಲಿ ಕೊಡೋದು? ಒಬ್ಬರ ಹೆಸರಲ್ಲೋ, ಪಾಲುದಾರಿಕೆಯೋ, ಕಂಪನಿಯೋ, ವ್ಯಾಪಾರಕ್ಕೆ ಕಾನೂನಿನಲ್ಲಿ ಯಾವ ರೂಪ ಅನ್ನುವ ನಮ್ಮ ಪ್ರಶ್ನೆ ಅಲ್ಲಿಂದ ಶುರುವಾಯಿತು.

ಮೊದಲು ಫೋನಿನಲ್ಲಿ ಸಿಕ್ಕವರು ಕಂಪನಿ ನೋಂದಣಿ ಮಾಡಿಸಿಕೊಡುವ ಒಂದು ಏಜೆನ್ಸಿಯವರು. ಆ ಹುಡುಗ ತುಂಬಾ ಮರ್ಯಾದೆಯಿಂದ ಮಾತಾಡಿದ. "ಪ್ರೈವೇಟ್ ಲಿಮಿಟೆಡ್ ಮಾಡಿಬಿಡಿ ಮೇಡಂ. 12,000ಕ್ಕೆ ಎಲ್ಲಾ ಮುಗಿಯುತ್ತೆ. ನಿಮ್ಮ ಹೆಸರಿನ ಮುಂದೆ ಡೈರೆಕ್ಟರ್ ಅಂತ ಬರುತ್ತೆ" ಅಂದ. ಕೇಳೋಕೆ ಚೆನ್ನಾಗಿತ್ತು. 3,000 ರೂಪಾಯಿ ಮುಂಗಡ ಕಳಿಸಿದೆ. ಪ್ರತಿ ವರ್ಷ ಏನೇನು ಮಾಡಬೇಕು ಅಂತ ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ಕಂಪನಿ ಅಂದರೆ ಒಂದು ರೂಪಾಯಿ ವ್ಯಾಪಾರ ಆಗದಿದ್ದರೂ ಪ್ರತಿ ವರ್ಷ ಲೆಕ್ಕಪರಿಶೋಧನೆ ಆಗಲೇಬೇಕು. ವರ್ಷದ ಲೆಕ್ಕ ಒಂದು ಫಾರಂ, ವಾರ್ಷಿಕ ವರದಿ ಇನ್ನೊಂದು ಫಾರಂ. ಎರಡೂ ಕಂಪನಿ ರಿಜಿಸ್ಟ್ರಾರ್‌ಗೆ ಹೋಗಬೇಕು. ತಡವಾದರೆ ಒಂದೊಂದು ಫಾರಂಗೂ ದಿನಕ್ಕೆ 100 ರೂಪಾಯಿ. ಇದೆಲ್ಲ ಗೊತ್ತಾಗಿದ್ದು ಅದೇ ವಾರ, ಜೊತೆಯ ಟೀಚರ್ ಒಬ್ಬರ ಯಜಮಾನರಿಂದ. ಬೇಡ ಅಂತ ಹೇಳಿದೆ. ಮುಂಗಡ ವಾಪಸ್ ಬರಲಿಲ್ಲ. ಆ 3,000 ಅಂದರೆ 25 ಕೆಜಿ ಬೆಲ್ಲದ ದುಡ್ಡು. ಈಗ ನೆನೆದರೂ ಬೇಜಾರಾಗುತ್ತದೆ.

ಅಂಗಡಿಯವರು ಅವಸರ ಮಾಡುತ್ತಿದ್ದರು. 2023ರ ಮಾರ್ಚಿನಲ್ಲಿ ತುಂಬಾ ಸುಲಭದ ದಾರಿ ಹಿಡಿದೆ. ನನ್ನ ಒಬ್ಬಳ ಹೆಸರಿನಲ್ಲೇ ವ್ಯಾಪಾರ. ಏಕಮಾಲೀಕತ್ವ ಅಂತಾರೆ, ಆಫೀಸುಗಳಲ್ಲಿ ಪ್ರೊಪ್ರೈಟರ್‌ಶಿಪ್. ಇದಕ್ಕೆ ಅಂತ ಬೇರೆ ನೋಂದಣಿಯೇ ಇಲ್ಲ. ನನ್ನ ಪ್ಯಾನ್ ಕಾರ್ಡೇ ವ್ಯಾಪಾರದ ಪ್ಯಾನ್ ಕಾರ್ಡ್. ಸಣ್ಣ ಉದ್ಯಮಗಳಿಗೆ ಅಂತ ಇರುವ ಉದ್ಯಮ್ ನೋಂದಣಿ ಸರ್ಕಾರದ ಜಾಲತಾಣದಲ್ಲಿ ನಾನೇ ಮಾಡಿಕೊಂಡೆ, ಅದಕ್ಕೆ ಒಂದು ಪೈಸೆಯೂ ಇಲ್ಲ. ದುಡ್ಡು ಕೇಳುವ ಸೈಟುಗಳು ಬೇಕಾದಷ್ಟಿವೆ, ಅವು ಸರ್ಕಾರದ್ದಲ್ಲ. ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ನೋಂದಣಿ ಆಗ 12 ಲಕ್ಷದವರೆಗಿನ ವಹಿವಾಟಿಗೆ ವರ್ಷಕ್ಕೆ 100 ರೂಪಾಯಿ. ಇವೆರಡು ಪತ್ರ ತೋರಿಸಿದ ಮೇಲೆ ಬ್ಯಾಂಕಿನಲ್ಲಿ ಕರೆಂಟ್ ಅಕೌಂಟ್ ಆಯಿತು. ಎರಡು ಸಾವಿರ ಚೀಟಿ ಅಚ್ಚು ಹಾಕಿಸಿದೆ. ಚೀಟಿ ಮೇಲೆ ನನ್ನ ಹೆಸರು, ಮೈಸೂರಿನ ವಿಳಾಸ, ಹದಿನಾಲ್ಕು ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್.

ಎಂಟು ತಿಂಗಳು ಹೀಗೇ ನಡೆಯಿತು. ಅತ್ತಿಗೆ ಬೆಲ್ಲ ಮಾಡಿಸೋದು, ನಾನು ಮಾರೋದು. ತಿಂಗಳ ಕೊನೆಗೆ ಖರ್ಚು ಕಳೆದು ಉಳಿದದ್ದನ್ನು ಅರ್ಧ ಮಾಡಿ ಅವರಿಗೆ ಕೊಡುತ್ತಿದ್ದೆ. ಒಂದು ರೂಪಾಯಿ ಆಚೀಚೆ ಮಾಡಿದವಳಲ್ಲ. ಅದಕ್ಕೇ ಇದರಲ್ಲಿ ತಪ್ಪೇನಾದರೂ ಇದೆ ಅಂತ ನನಗೆ ಹೊಳೆಯಲೇ ಇಲ್ಲ.

ಹೊಳೆದದ್ದು ಆ ವರ್ಷದ ಕೊನೆಯಲ್ಲಿ. ಪುಡಿ ಮಾಡುವ, ಒಣಗಿಸುವ, ಪ್ಯಾಕ್ ಮಾಡುವ ಯಂತ್ರ ತೆಗೆದುಕೊಳ್ಳಬೇಕು ಅಂತ ಪಿಎಂಎಫ್‌ಎಂಇ ಯೋಜನೆಗೆ ಅರ್ಜಿ ಹಾಕಲು ಹೊರಟಿದ್ದೆವು. ಕಿರು ಆಹಾರ ಸಂಸ್ಕರಣೆಯವರಿಗೆ ಅಂತಲೇ 2020ರಲ್ಲಿ ಬಂದ ಯೋಜನೆ. ಒಂದು ಜಿಲ್ಲೆಗೆ ಒಂದು ಉತ್ಪನ್ನ ಅಂತ ಮಂಡ್ಯಕ್ಕೆ ಆರಿಸಿರುವುದು ಬೆಲ್ಲವನ್ನೇ. ಆಗ ಕೇಂದ್ರದ್ದು 35% ಸಬ್ಸಿಡಿ, ಅದರ ಮೇಲೆ ನಮ್ಮ ರಾಜ್ಯದ್ದು 15%. ಈ ಯೋಜನೆಗೆ ಜಿಲ್ಲಾ ಸಂಪನ್ಮೂಲ ವ್ಯಕ್ತಿ ಅಂತ ಇರುತ್ತಾರೆ, ಅರ್ಜಿ ಮಾಡಿಸಿಕೊಡುತ್ತಾರೆ. ಹಾಗೆ ಬಂದವರು ಆಲೆಮನೆಯ ಫೋಟೋ ತೆಗೆಯುತ್ತಾ, "ಮಾಲೀಕರು ಯಾರಮ್ಮ? ಇಲ್ಲಿ ಬಂದು ನಿಂತ್ಕೊಳ್ಳಿ" ಅಂದರು.

ಅತ್ತಿಗೆ ಕೊಪ್ಪರಿಗೆ ಪಕ್ಕ ನಿಂತಿದ್ದರು. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದರು. ಮುಂಗೈ ಮೇಲೆ ಹಳೇ ಸುಟ್ಟ ಗಾಯದ ಎರಡು ಕಲೆ. ಅವರು ಒಂದು ಗಳಿಗೆಯೂ ಯೋಚಿಸಲಿಲ್ಲ. ನನ್ನ ಕಡೆ ಕೈ ತೋರಿಸಿ, "ಅವ್ಳೇ ಕಣಪ್ಪ ಮಾಲೀಕ್ಳು" ಅಂದು ಪಕ್ಕಕ್ಕೆ ಸರಿದು ನಿಂತರು. ನಾನು ಫೈಲ್ ಹಿಡಿದುಕೊಂಡು ಆ ಜಾಗಕ್ಕೆ ಹೋಗಿ ನಿಂತೆ. ಫೋಟೋ ತೆಗೆದರು.

ರಾತ್ರಿ ನಿದ್ದೆ ಬರಲಿಲ್ಲ. ಫೈಲ್ ತೆರೆದು ಒಂದೊಂದೇ ಹಾಳೆ ನೋಡಿದೆ. ಉದ್ಯಮ್ ಪತ್ರ, ಎಫ್‌ಎಸ್‌ಎಸ್‌ಎಐ, ಬ್ಯಾಂಕ್ ಪುಸ್ತಕ, ಚೀಟಿ. ಅತ್ತಿಗೆಯ ಹೆಸರು ಎಲ್ಲೂ ಇರಲಿಲ್ಲ. ನಾಳೆ ನನಗೇನಾದರೂ ಆದರೆ, ಕಾನೂನಿನ ಲೆಕ್ಕದಲ್ಲಿ ಈ ವ್ಯಾಪಾರ ನನ್ನ ಗಂಡ ಮಕ್ಕಳದು. ಬೆಲ್ಲ ಮಾಡಿದವರಿಗೆ ಏನೂ ಇಲ್ಲ. ಅರ್ಜಿ ಅಲ್ಲಿಗೇ ನಿಲ್ಲಿಸಿ, ಮಂಡ್ಯದ ಒಬ್ಬ ಆಡಿಟರ್ ಹತ್ತಿರ ಹೋದೆವು. ಈ ಸಲ ಇಬ್ಬರೂ.

ಅವರು ಮೊದಲು ತೆರಿಗೆ ಮಾತೇ ಎತ್ತಲಿಲ್ಲ. ಅದು ನನಗೆ ಇಷ್ಟವಾಯಿತು. "ನೋಡಿ ಅಮ್ಮ, ರೂಪ ಯಾವುದು ಅನ್ನೋದು ಆಮೇಲೆ. ಯಾರು ಎಷ್ಟು ಹಾಕಿದ್ದೀರಿ, ಎಲ್ಲೆಲ್ಲಿಗೆ ಮಾರ್ತೀರಿ, ಗದ್ದೆ ಯಾರ ಹೆಸರಲ್ಲಿದೆ, ನಾಳೆ ಜಗಳ ಆದ್ರೆ ಯಾರು ಏನು ತಗೊಂಡು ಹೋಗ್ತೀರಿ, ಅದನ್ನ ಹೇಳಿ" ಅಂದರು. ಜಗಳ ಅಂದ ಕೂಡಲೇ ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಅತ್ತಿಗೆ, "ನಾವ್ಯಾಕ್ ಜಗಳ ಆಡಾಣ ಸಾಮಿ" ಅಂದರು. "ಆಡಬೇಡಿ. ಆದ್ರೆ ಬರೆದಿಡಿ" ಅಂದರು ಅವರು.

ಎಲ್ಲಿಗೆ ಮಾರುತ್ತೀರಿ ಅನ್ನುವುದಕ್ಕೆ ನಾನು ಮೈಸೂರು, ಬೆಂಗಳೂರು, ಹೊಸೂರು ಅಂದೆ. ಹೊಸೂರು ಅಂದದ್ದೇ ತಡ ಅವರು ಪೆನ್ನು ಕೆಳಗಿಟ್ಟರು. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷದವರೆಗೆ ಜಿಎಸ್‌ಟಿ ನೋಂದಣಿ ಬೇಕಿಲ್ಲ ಅಂತ ನಾನು ಧೈರ್ಯವಾಗಿದ್ದೆ. ಆದರೆ ಆ ರಿಯಾಯಿತಿ ರಾಜ್ಯದ ಒಳಗೆ ಮಾತ್ರ. ಹೊಸೂರು ನಮಗೆ ಬೆಂಗಳೂರಿನ ಪಕ್ಕದ ಊರು, ಕಾನೂನಿಗೆ ತಮಿಳುನಾಡು. ತೆರಿಗೆ ಇರುವ ಸರಕು ಗಡಿ ದಾಟಿ ಮಾರಿದರೆ ಒಂದು ಡಬ್ಬಕ್ಕೂ ನೋಂದಣಿ ಬೇಕು. ನಾವು ಅಷ್ಟರಲ್ಲಿ ಎರಡು ಪಾರ್ಸಲ್ ಕಳಿಸಿಬಿಟ್ಟಿದ್ದೆವು. ಇನ್ನೊಂದು ವಿಷಯವೂ ಆಗಲೇ ತಿಳಿದದ್ದು. ಬೆಲ್ಲವನ್ನು ಲೂಸ್ ಆಗಿ ಮಾರಿದರೆ ತೆರಿಗೆ ಇಲ್ಲ. ಆದರೆ 2022ರ ಜುಲೈ 18ರಿಂದ, ಚೀಟಿ ಅಂಟಿಸಿ ಪ್ಯಾಕ್ ಮಾಡಿದ ಬೆಲ್ಲಕ್ಕೆ 5%. ಅಚ್ಚಾಗಲಿ ಪುಡಿಯಾಗಲಿ ಅಷ್ಟೇ.

ಕಾಂಪೊಸಿಷನ್ ಅಂತ ಒಂದು ಸುಲಭದ ಸ್ಕೀಮ್ ಇದೆ. ತಯಾರಿಸುವವರು ವಹಿವಾಟಿನ ಮೇಲೆ 1% ಕಟ್ಟಿದರೆ ಆಯಿತು. ಆದರೆ ಅದರಲ್ಲಿ ಹೊರರಾಜ್ಯಕ್ಕೆ ಮಾರುವ ಹಾಗಿಲ್ಲ, ಗಿರಾಕಿ ಹತ್ತಿರ ತೆರಿಗೆ ಅಂತ ಬೇರೆ ತೆಗೆದುಕೊಳ್ಳುವ ಹಾಗಿಲ್ಲ. ಯಂತ್ರಕ್ಕೆ ನಾವು ಕಟ್ಟುವ ಜಿಎಸ್‌ಟಿಯೂ ವಾಪಸ್ ಸಿಗುವುದಿಲ್ಲ. ನಮಗೆ ಹೊಸೂರೂ ಬೇಕಿತ್ತು, ಯಂತ್ರವೂ ಬರುವುದಿತ್ತು. ಹಾಗಾಗಿ ಮಾಮೂಲಿ ನೋಂದಣಿಯನ್ನೇ ಮಾಡಿಸಿ, ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕುವುದು ಅಂತಾಯಿತು.

ಆಮೇಲೆ ಬಂತು ತೆರಿಗೆ. ಮುಂದಿನ ವರ್ಷ 18 ಲಕ್ಷ ವಹಿವಾಟು, ಎಲ್ಲ ಖರ್ಚು ಕಳೆದು 3 ಲಕ್ಷ ಉಳಿಯಬಹುದು ಅಂತ ನಮ್ಮ ಅಂದಾಜು. ಒಬ್ಬಳ ಹೆಸರಲ್ಲೇ ಇದ್ದರೆ ಆ 3 ಲಕ್ಷ ನನ್ನ ಆದಾಯ. ಆಗಿನ ಹೊಸ ತೆರಿಗೆ ಪದ್ಧತಿಯಲ್ಲಿ 7 ಲಕ್ಷದವರೆಗಿನ ಆದಾಯಕ್ಕೆ ರಿಬೇಟ್, ಅಂದರೆ ತೆರಿಗೆ ಮನ್ನಾ, ಇತ್ತು. ಬೇರೆ ದೊಡ್ಡ ಆದಾಯ ಇಲ್ಲದಿದ್ದರೆ ತೆರಿಗೆ ಸೊನ್ನೆ. ಪಾಲುದಾರಿಕೆ ಸಂಸ್ಥೆ ಮಾಡಿದರೆ? ಸಂಸ್ಥೆಯ ಲಾಭಕ್ಕೆ ಮೊದಲ ರೂಪಾಯಿಯಿಂದಲೇ 30%. ಮೇಲೆ 4% ಸೆಸ್. ಅದು ಕೇಳಿ ನನ್ನ ಎದೆ ಧಸಕ್ಕೆಂದಿತು. 3 ಲಕ್ಷಕ್ಕೆ 93,600 ಅಂತ ಮನಸ್ಸಲ್ಲೇ ಲೆಕ್ಕ ಹಾಕಿದೆ.

"ಹಾಗಲ್ಲ ಅಮ್ಮ, ಪೂರ್ತಿ ಕೇಳಿ" ಅಂದರು ಆಡಿಟರ್. ದುಡಿಯುವ ಪಾಲುದಾರರಿಗೆ ಸಂಸ್ಥೆ ಸಂಬಳ ಕೊಡಬಹುದು. ಆ ಸಂಬಳ ಸಂಸ್ಥೆಯ ಖರ್ಚು. ಅದಕ್ಕೊಂದು ಮಿತಿ ಇದೆ. ಆಗಿನ ಲೆಕ್ಕದಲ್ಲಿ ಮೊದಲ 3 ಲಕ್ಷ ಲಾಭದ 90% ಅಥವಾ ಒಂದೂವರೆ ಲಕ್ಷ, ಯಾವುದು ಜಾಸ್ತಿಯೋ ಅದು. ಅಂದರೆ 2,70,000 ನಮ್ಮಿಬ್ಬರ ಸಂಬಳವಾಗಿ ಹೋಗುತ್ತದೆ. ತಲಾ 1,35,000, ಅದಕ್ಕೆ ನಮ್ಮ ಕೈಯಲ್ಲಿ ತೆರಿಗೆ ಇಲ್ಲ. ಸಂಸ್ಥೆಯಲ್ಲಿ ಉಳಿಯುವುದು 30,000. ಅದಕ್ಕೆ 30% ಅಂದರೆ 9,000, ಸೆಸ್ 360. ಒಟ್ಟು 9,360. ಸಂಸ್ಥೆ ತೆರಿಗೆ ಕಟ್ಟಿದ ಮೇಲೆ ಉಳಿದ ಲಾಭ ಹಂಚಿಕೊಂಡರೆ ನಮಗೆ ಮತ್ತೆ ತೆರಿಗೆ ಇಲ್ಲ. 93,600 ಎಲ್ಲಿ, 9,360 ಎಲ್ಲಿ!

ಇಲ್ಲೊಂದು ಸೂಕ್ಷ್ಮ ಇದೆ. ಲೆಕ್ಕದ ಪುಸ್ತಕ ಬೇಡ, ವಹಿವಾಟಿನ 6% ಲಾಭ ಅಂತ ತೋರಿಸಿ ಮುಗಿಸೋಣ ಅನ್ನುವ ದಾರಿ ಸಣ್ಣ ವ್ಯಾಪಾರಿಗಳಿಗಿದೆ. ನಗದು ವ್ಯಾಪಾರಕ್ಕಾದರೆ 8%. ಒಂಟಿ ಮಾಲೀಕರಿಗೆ ಅದು ಹಗುರ. ಪಾಲುದಾರಿಕೆ ಸಂಸ್ಥೆಗೂ ಆ ದಾರಿ ಇದೆ, ಆದರೆ ಅದರಲ್ಲಿ ಪಾಲುದಾರರ ಸಂಬಳ ಕಳೆಯುವ ಹಾಗಿಲ್ಲ. 18 ಲಕ್ಷದ 6% ಅಂದರೆ 1,08,000. ಅದಕ್ಕೆ ತೆರಿಗೆ, ಸೆಸ್ ಸೇರಿ 33,696. ಪುಸ್ತಕ ಬರೆದರೆ 9,360. ಪುಸ್ತಕ ನಾನೇ ಬರೆಯುತ್ತೇನೆ ಅಂದೆ. ಈಗಲೂ ಪ್ರತಿ ಶನಿವಾರ ಸಂಜೆ ಬರೆಯುತ್ತೇನೆ.

ತೆರಿಗೆ ಒಂದನ್ನೇ ನೋಡಿದ್ದರೆ ನನ್ನ ಹೆಸರಲ್ಲೇ ಮುಂದುವರಿಯುವುದು ಲಾಭ. ಅದನ್ನು ಆಡಿಟರ್ ಮುಚ್ಚಿಡಲಿಲ್ಲ. "ಅತ್ತಿಗೆಯವರಿಗೆ ಕೆಲಸದವರ ಹಾಗೆ ಸಂಬಳ ತೋರಿಸಬಹುದು, ಖರ್ಚೂ ಕಡಿಮೆ" ಅಂದರು. ಅತ್ತಿಗೆ ಏನೂ ಮಾತಾಡಲಿಲ್ಲ, ಬ್ಯಾಗಿನ ಜಿಪ್ ಎಳೆಯುತ್ತಾ ಕೂತರು. "ಬೇಡ ಸರ್. ಅವರು ಕೆಲಸದವರಲ್ಲ" ಅಂದೆ. ಆ ಮಾತು ಹೇಳುವಾಗ ನನಗೆ ಗಂಟಲು ಕಟ್ಟಿತು.

ಎಲ್‌ಎಲ್‌ಪಿ (ಸೀಮಿತ ಹೊಣೆಯ ಪಾಲುದಾರಿಕೆ) ಬಗ್ಗೆ ಸ್ವಲ್ಪ ಜಾಸ್ತಿ ಹೊತ್ತು ಮಾತಾಡಿದೆವು. ಕಾರಣ ಅತ್ತಿಗೆ ಕೇಳಿದ ಪ್ರಶ್ನೆ. "ಸಾಲ ತೀರಿಸಕ್ಕೆ ಆಗ್ನಿಲ್ಲ ಅಂದ್ರೆ ನನ್ ಒಡವೆಗೂ ಬತ್ತಾರಾ?" ಪಾಲುದಾರಿಕೆಯಲ್ಲಿ ಹೌದು. ಸಂಸ್ಥೆಯ ಸಾಲಕ್ಕೆ ಇಬ್ಬರೂ ಹೊಣೆ, ಒಬ್ಬೊಬ್ಬರೂ ಪೂರ್ತಿ ಹೊಣೆ. ನನ್ನ ತಪ್ಪಿಗೆ ಅತ್ತಿಗೆ ಮನೆಯ ಬಾಗಿಲಿಗೂ ಬರಬಹುದು. ಎಲ್‌ಎಲ್‌ಪಿಯಲ್ಲಿ ಹೊಣೆ ನಾವು ಹಾಕಿದ ಬಂಡವಾಳಕ್ಕೆ ಸೀಮಿತ. ತೆರಿಗೆ ದರ ಪಾಲುದಾರಿಕೆಯ ಹಾಗೇ 30%. ಆದರೆ ಪ್ರತಿ ವರ್ಷ ಎರಡು ಫಾರಂ, ಡಿಜಿಟಲ್ ಸಹಿ, ಅದಕ್ಕೆ ಫೀಸು. "ಸಾಲ ಕೊಡುವಾಗ ಬ್ಯಾಂಕಿನವರು ಹೇಗಿದ್ರೂ ನಿಮ್ಮಿಬ್ಬರ ಕೈಲಿ ವೈಯಕ್ತಿಕ ಜಾಮೀನು ಬರೆಸ್ಕೊಳ್ತಾರೆ. ಡಬ್ಬಕ್ಕೆ ನೀವು ಮೊದಲೇ ದುಡ್ಡು ಕೊಡ್ತೀರಿ. ಕಬ್ಬು ನಿಮ್ಮಣ್ಣಂದೇ. ಇನ್ಯಾರಿಗೆ ಬಾಕಿ ಇರುತ್ತೆ ನಿಮ್ಮದು?" ಅಂದರು. ಯೋಚಿಸಿದರೆ ಯಾರಿಗೂ ಇರಲಿಲ್ಲ. ವಹಿವಾಟು 40 ಲಕ್ಷ ಹತ್ತಿರ ಬಂದಾಗ ಎಲ್‌ಎಲ್‌ಪಿ ಮಾಡೋಣ, ಪಾಲುದಾರಿಕೆಯನ್ನು ಹಾಗೆ ಬದಲಾಯಿಸಲು ಕಾನೂನಿನಲ್ಲೇ ದಾರಿ ಇದೆ ಅಂತ ಇಬ್ಬರೂ ಒಪ್ಪಿದೆವು.

ಅಣ್ಣನನ್ನೂ ಸೇರಿಸೋಣ ಅಂತ ನನ್ನ ಮನಸ್ಸಿನಲ್ಲಿತ್ತು. ಗದ್ದೆ ಅವನ ಹೆಸರಲ್ಲಿದೆ ಅಂದ ಕೂಡಲೇ ಆಡಿಟರ್ ಬೇಡ ಅಂದರು. ಪಾಲುದಾರನಾದರೆ ಅವನ ಗದ್ದೆಯೂ ಸಂಸ್ಥೆಯ ಸಾಲಕ್ಕೆ ಹೊಣೆಯಾಗುತ್ತದೆ. ಅವನು ಹೊರಗಿದ್ದು, ಸಂಸ್ಥೆಗೆ ಕಬ್ಬು ಮಾರಿದರೆ ಆ ದುಡ್ಡು ಕೃಷಿ ಆದಾಯ, ಅದಕ್ಕೆ ತೆರಿಗೆ ಇಲ್ಲ. ಬೆಲ್ಲ ಮಾಡಿ ಬಂದ ಲಾಭ ಮಾತ್ರ ವ್ಯಾಪಾರದ ಆದಾಯ. ಆದರೆ ಮನೆಯವನು ಅಂತ ಕಬ್ಬಿಗೆ ಬಾಯಿಗೆ ಬಂದ ರೇಟು ಹಾಕುವ ಹಾಗಿಲ್ಲ, ಮಾರುಕಟ್ಟೆ ಬೆಲೆ ಇರಬೇಕು. 2023-24ರ ಹಂಗಾಮಿಗೆ ಕಾರ್ಖಾನೆಗಳು ಕೊಡಬೇಕು ಅಂತ ಕೇಂದ್ರ ಗೊತ್ತುಮಾಡಿದ್ದ ಬೆಲೆ 10.25% ಸಕ್ಕರೆ ಇಳುವರಿಯ ಕಬ್ಬಿಗೆ ಟನ್ನಿಗೆ 3,150. ನಾವು ಅದನ್ನೇ ಆಧಾರ ಮಾಡಿಕೊಂಡೆವು. ಒಂದು ಟನ್ ಕಬ್ಬಿಗೆ ಸುಮಾರು 100 ಕೆಜಿ ಬೆಲ್ಲ. ಕೆಜಿಗೆ ಕಬ್ಬಿನ ಖರ್ಚೇ 31 ರೂಪಾಯಿ 50 ಪೈಸೆ ಅಂತ ನನಗೆ ಮೊದಲ ಸಲ ಸ್ಪಷ್ಟವಾಗಿ ಗೊತ್ತಾಗಿದ್ದು ಆವತ್ತು. ಅಲ್ಲಿಯವರೆಗೆ ಕಬ್ಬು ಮನೇದು, ಸುಮ್ನೆ ಸಿಗುತ್ತೆ ಅನ್ನೋ ಹಾಗೆ ಲೆಕ್ಕ ಹಾಕುತ್ತಿದ್ದೆ. ಅಣ್ಣನಿಗೂ ಅನ್ಯಾಯ ಮಾಡಿದ್ದೆ ಅಂತ ಅನಿಸಿತು.

ಇನ್ನು ಒಪ್ಪಂದ ಪತ್ರ. ಎಲ್ಲದಕ್ಕಿಂತ ಜಾಸ್ತಿ ಸಮಯ ಹಿಡಿದದ್ದು ಇದು, ಮತ್ತು ನನ್ನ ಪ್ರಕಾರ ಇದೇ ಮುಖ್ಯ. ಆಡಿಟರ್ ಆಫೀಸಿನಿಂದ ಇಂಗ್ಲಿಷಿನಲ್ಲಿ ಒಂದು ಕರಡು ಬಂತು, ಏಳು ಪುಟ. ಅತ್ತಿಗೆಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಓದಲಾಗದ ಕಾಗದಕ್ಕೆ ಅವರ ಕೈಲಿ ಸಹಿ ಹಾಕಿಸಲು ನನಗೆ ಮನಸ್ಸು ಬರಲಿಲ್ಲ. ಎರಡು ರಾತ್ರಿ ಕೂತು ಕನ್ನಡದಲ್ಲಿ ಬರೆದೆ. ಕನ್ನಡದಲ್ಲಿ ಇದ್ದರೂ ಏನೂ ತೊಂದರೆ ಇಲ್ಲ ಅಂತ ಆಡಿಟರ್ ಹೇಳಿ, ತಿದ್ದಿಕೊಟ್ಟರು. ಒಂದು ಭಾನುವಾರ ಅಣ್ಣನ ಮನೆ ಜಗಲಿಯ ಮೇಲೆ ಕೂತು ಒಂದೊಂದೇ ಸಾಲು ಓದಿದೆ.

ಬಂಡವಾಳ ಅನ್ನುವ ಸಾಲು ಬಂತು. ನನ್ನದು 2 ಲಕ್ಷ ನಗದು. ಅತ್ತಿಗೆಯದು ಅಂತ ಜಾಗ ಖಾಲಿ ಬಿಟ್ಟಿದ್ದೆ. ಅವರದು ದುಡ್ಡು ಇಲ್ಲವಲ್ಲ, ಶ್ರಮ ಮಾತ್ರ ಅಂತ ನಾನು ಅಂದುಕೊಂಡಿದ್ದೆ. ಆಗ ಅಣ್ಣ ಒಳಗಿನಿಂದ, "ಗಾಣ, ಕೊಪ್ಪರಿಗೆ ಯಾರ್ ದುಡ್ಡಲ್ಲಿ ಬಂದದ್ದು ಗೊತ್ತಾ?" ಅಂದ. ಅತ್ತಿಗೆಯ ತವರಿನಿಂದ ಕೊಟ್ಟ ದುಡ್ಡು. ಹತ್ತು ವರ್ಷದಿಂದ ಆ ಮನೆಗೆ ಹೋಗಿ ಬರುತ್ತಿದ್ದೇನೆ, ನನಗೆ ಗೊತ್ತೇ ಇರಲಿಲ್ಲ. ಹಳೇ ಗಾಣ ಮಾರುವವರನ್ನು ವಿಚಾರಿಸಿ, ಗಾಣ, ಮೋಟಾರು, ಕೊಪ್ಪರಿಗೆ ಸೇರಿ 1,60,000 ಅಂತ ಬೆಲೆ ಕಟ್ಟಿದೆವು. ಖಾಲಿ ಜಾಗದಲ್ಲಿ ಆ ಅಂಕಿ ಬರೆದೆ. ಅತ್ತಿಗೆ ಕಾಗದ ತೆಗೆದುಕೊಂಡು, ತಮ್ಮ ಹೆಸರಿನ ಮುಂದೆ ಇದ್ದ ಅಂಕಿಯ ಮೇಲೆ ಬೆರಳಿಟ್ಟು, "ಒಂದ್ ಲಕ್ಷದ ಅರವತ್ತು ಸಾವ್ರ" ಅಂತ ಮೆಲ್ಲಗೆ ಓದಿದರು. ಮತ್ತೊಂದು ಸಲ ಓದಿದರು.

ಅಲ್ಲಿಂದ ಹಂಚಿಕೆ ಸಲೀಸಾಯಿತು. ಬಂಡವಾಳಕ್ಕೆ ಇಬ್ಬರಿಗೂ 12% ಬಡ್ಡಿ. ತೆರಿಗೆ ಕಾಯ್ದೆ ಒಪ್ಪುವುದು ಅಷ್ಟರವರೆಗೆ. ನನಗೆ ವರ್ಷಕ್ಕೆ 24,000, ಅವರಿಗೆ 19,200. ದುಡಿಮೆಗೆ ಸಂಬಳ, ಇಬ್ಬರಿಗೂ ಸಮ. ಉಳಿದ ಲಾಭ ಅರ್ಧ ಅರ್ಧ, ನಷ್ಟವೂ ಅರ್ಧ ಅರ್ಧ. ಆಲೆಮನೆಯ ಜಾಗಕ್ಕೆ ಅಣ್ಣನ ಜೊತೆ ಬೇರೆ ಬಾಡಿಗೆ ಕರಾರು. ದುಡ್ಡು ಹಾಕಿದ್ದಕ್ಕೆ ಒಂದು, ದುಡಿದದ್ದಕ್ಕೆ ಒಂದು, ಜೊತೆಗೆ ನಿಂತಿದ್ದಕ್ಕೆ ಒಂದು ಅಂತ ಬೇರೆ ಬೇರೆ ಮಾಡಿದರೆ ಯಾರಿಗೂ ಕಸಿವಿಸಿ ಇರುವುದಿಲ್ಲ. ಮೊದಲು ಎಲ್ಲವನ್ನೂ ಒಂದೇ ಪಾತ್ರೆಗೆ ಹಾಕಿ ಅರ್ಧ ಮಾಡುತ್ತಿದ್ದೆವಲ್ಲ, ಅದರಲ್ಲಿ ಗಾಣದ ಲೆಕ್ಕವೇ ಬಿಟ್ಟುಹೋಗಿತ್ತು. ಸಂಬಳ, ಬಡ್ಡಿ ಎರಡನ್ನೂ ಒಪ್ಪಂದ ಪತ್ರದಲ್ಲಿ ಬರೆದಿರಲೇಬೇಕು. ಬರೆಯದಿದ್ದರೆ ತೆರಿಗೆ ಲೆಕ್ಕದಲ್ಲಿ ಖರ್ಚು ಅಂತ ಒಪ್ಪುವುದಿಲ್ಲ, ಪತ್ರದ ತಾರೀಖಿಗಿಂತ ಹಿಂದಿನದಕ್ಕೂ ಒಪ್ಪುವುದಿಲ್ಲ. ಸಂಬಳದ ಮೊತ್ತವನ್ನು "ಆಯಾ ವರ್ಷ ಕಾಯ್ದೆ ಒಪ್ಪುವ ಮಿತಿಯವರೆಗೆ" ಅಂತ ಬರೆಸಿದರು. ಅದರ ಬೆಲೆ ಆಮೇಲೆ ತಿಳಿಯಿತು.

ಸಾವಿನ ಸಾಲು ಓದುವುದು ಕಷ್ಟವಾಯಿತು. ಇಬ್ಬರೇ ಪಾಲುದಾರರಿದ್ದು ಒಬ್ಬರು ಹೋದರೆ ಸಂಸ್ಥೆ ಅಲ್ಲಿಗೇ ಮುಗಿದ ಹಾಗೆ. ಪಾಲುದಾರಿಕೆಗೆ ಕನಿಷ್ಠ ಇಬ್ಬರು ಬೇಕಲ್ವಾ. ಹೋದವರ ವಾರಸುದಾರರು ಬಯಸಿದರೆ ಅವರ ಜೊತೆ ಹೊಸದಾಗಿ ಸಂಸ್ಥೆ ಮಾಡಿಕೊಳ್ಳಬೇಕು, ಬೇಡ ಅಂದರೆ ಆರು ತಿಂಗಳೊಳಗೆ ಅವರ ಪಾಲು ಕೊಡಬೇಕು ಅಂತ ಬರೆದೆವು. ಬೇರೆಯಾದರೆ ಗಾಣ, ಕೊಪ್ಪರಿಗೆ ಅತ್ತಿಗೆಗೇ, ಅದರ ಬೆಲೆ ಅವರ ಲೆಕ್ಕದಲ್ಲಿ ಹಿಡಿಯುವುದು. ಅತ್ತಿಗೆ ಕೇಳಿದ್ದು ಒಂದೇ. "ನನ್ ಮಗ್ಳಿಗೂ ಬತ್ತದಾ?" ಬರುತ್ತೆ ಅತ್ತಿಗೆ, ಬರೆದಿದೆ ಅಂದೆ.

2024ರ ಏಪ್ರಿಲ್ 1ರಿಂದ ಜಾರಿ ಅಂತ ಛಾಪಾ ಕಾಗದದ ಮೇಲೆ ಪತ್ರವಾಯಿತು. ಪಾಲುದಾರಿಕೆ ಸಂಸ್ಥೆಯನ್ನು ನೋಂದಣಿ ಮಾಡಿಸುವುದು ಕಡ್ಡಾಯ ಅಲ್ಲ. ಎಷ್ಟೋ ಜನ ಬಿಟ್ಟುಬಿಡುತ್ತಾರೆ. ನಾವು ಜಿಲ್ಲಾ ನೋಂದಣಾಧಿಕಾರಿ ಕಚೇರಿಯಲ್ಲಿ ಮಾಡಿಸಿದೆವು. 1932ರ ಪಾಲುದಾರಿಕೆ ಕಾಯ್ದೆಯ ಪ್ರಕಾರ, ನೋಂದಣಿ ಇಲ್ಲದ ಸಂಸ್ಥೆ ತನ್ನ ಬಾಕಿ ವಸೂಲಿಗೆ ಹೊರಗಿನವರ ಮೇಲೆ ದಾವೆ ಹಾಕುವ ಹಾಗಿಲ್ಲ. ಆ ಹೊತ್ತಿಗೆ ಬೆಂಗಳೂರಿನ ಒಂದು ಅಂಗಡಿ ನಮಗೆ 48,000 ಬಾಕಿ ಇಟ್ಟುಕೊಂಡು ನಾಲ್ಕು ತಿಂಗಳಿಂದ ಆಡಿಸುತ್ತಿತ್ತು. ಅದರ ಅನುಭವ ಇದ್ದಿದ್ದರಿಂದ ಈ ಖರ್ಚಿಗೆ ಹಿಂದೆ ಮುಂದೆ ನೋಡಲಿಲ್ಲ.

ಸಂಸ್ಥೆಗೆ ಹೊಸ ಪ್ಯಾನ್ ಬಂತು. ನಿಮ್ಮ ಪ್ಯಾನ್ ಕಾರ್ಡ್ ತೆಗೆದು ನೋಡಿ. ನಾಲ್ಕನೇ ಅಕ್ಷರ ಪಿ ಇರುತ್ತದೆ, ಅಂದರೆ ವ್ಯಕ್ತಿ. ಕಂಪನಿಯದಾದರೆ ಸಿ. ನಮ್ಮ ಸಂಸ್ಥೆಯದು ಎಫ್. ಆ ಒಂದು ಅಕ್ಷರ ಬದಲಾದರೆ ಎಲ್ಲವೂ ಬದಲು. ಜಿಎಸ್‌ಟಿ ನಂಬರಿನಲ್ಲಿ ಕರ್ನಾಟಕದ 29 ಆದ ಮೇಲೆ ಬರುವ ಹತ್ತು ಅಕ್ಷರ ಪ್ಯಾನೇ. ಉದ್ಯಮ್ ಹೊಸದು, ಕರೆಂಟ್ ಅಕೌಂಟ್ ಹೊಸದು. ಎಫ್‌ಎಸ್‌ಎಸ್‌ಎಐಯನ್ನು ನನ್ನ ಹೆಸರಿನಿಂದ ಸಂಸ್ಥೆಗೆ ಸುಮ್ಮನೆ ವರ್ಗ ಮಾಡಲಾಗುವುದಿಲ್ಲ, ಅದೂ ಹೊಸದು. ನಮ್ಮ ಅಂದಾಜು 12 ಲಕ್ಷ ದಾಟಿದ್ದರಿಂದ ಈ ಸಲ ರಾಜ್ಯ ಲೈಸೆನ್ಸ್. ಹಳೇ ಚೀಟಿಗಳಲ್ಲಿ ಇನ್ನೂ 700 ಉಳಿದಿದ್ದವು. ಅವುಗಳ ಮೇಲೆ ಇದ್ದ ಹೆಸರು, ನಂಬರ್ ಎರಡೂ ಈಗ ತಪ್ಪು. ಎಲ್ಲ ಒಲೆಗೆ ಹಾಕಿದೆವು. ಡಬ್ಬಕ್ಕೆ ಚೀಟಿ ಅಚ್ಚು ಹಾಕಿಸುವ ಮೊದಲು ಯಾರ ಹೆಸರಿನಲ್ಲಿ ವ್ಯಾಪಾರ ಅನ್ನುವುದನ್ನು ತೀರ್ಮಾನ ಮಾಡಿಕೊಳ್ಳಿ ಅಂತ ನಾನು ಈಗ ಕೇಳಿದವರಿಗೆಲ್ಲ ಹೇಳುತ್ತೇನೆ. ಟ್ರೇಡ್‌ಮಾರ್ಕಿಗೆ ಅಷ್ಟರವರೆಗೆ ಅರ್ಜಿ ಹಾಕಿರಲಿಲ್ಲ, ಒಳ್ಳೆಯದೇ ಆಯಿತು. ಸಂಸ್ಥೆಯ ಹೆಸರಲ್ಲೇ ಹಾಕಿದೆವು. ಉದ್ಯಮ್ ಪತ್ರ ಇದ್ದಿದ್ದರಿಂದ 9,000 ಬದಲು 4,500 ಫೀಸು.

ಯಂತ್ರದ ಸಾಲವೂ ಸಂಸ್ಥೆಯ ಹೆಸರಲ್ಲೇ ಆಯಿತು. ಒಟ್ಟು 8 ಲಕ್ಷದ ಯೋಜನೆ, 10% ನಮ್ಮ ಕೈಯಿಂದ. ಸಬ್ಸಿಡಿ ಕೈಗೆ ಕೊಡುವುದಿಲ್ಲ, ಸಾಲಕ್ಕೇ ಜಮೆಯಾಗುತ್ತದೆ. ಈ ಸಲ ಫೋಟೋಗೆ ಇಬ್ಬರೂ ನಿಂತೆವು.

2024ರ ಜುಲೈ ಬಜೆಟ್ಟಿನಲ್ಲಿ ಪಾಲುದಾರರ ಸಂಬಳದ ಮಿತಿ ಜಾಸ್ತಿಯಾಯಿತು. ಮೊದಲ 6 ಲಕ್ಷ ಲಾಭದ 90% ಅಥವಾ 3 ಲಕ್ಷ, ಯಾವುದು ಜಾಸ್ತಿಯೋ ಅದು. ಪತ್ರದಲ್ಲಿ ಇಷ್ಟೇ ಅಂತ ಅಂಕಿ ಬರೆಸದೆ "ಕಾಯ್ದೆಯ ಮಿತಿಯವರೆಗೆ" ಅಂತ ಬರೆಸಿದ್ದರಿಂದ ತಿದ್ದುಪಡಿಯ ಗೋಜೇ ಇರಲಿಲ್ಲ. ಮೊದಲ ವರ್ಷ ಸಂಬಳಕ್ಕೆ ಮುಂಚಿನ ಲಾಭ 4,10,000 ಬಂತು. ಸಂಬಳ 3,69,000. ಉಳಿದ 41,000ಕ್ಕೆ ಸೆಸ್ ಸೇರಿ 12,792 ತೆರಿಗೆ ಕಟ್ಟಿದೆವು. 2025ರ ಏಪ್ರಿಲ್‌ನಿಂದ ಹೊಸದೊಂದು ಬಂದಿದೆ. ಪಾಲುದಾರರಿಗೆ ಕೊಡುವ ಸಂಬಳ, ಬಡ್ಡಿ ಸೇರಿ ವರ್ಷಕ್ಕೆ 20,000 ದಾಟಿದರೆ ಸಂಸ್ಥೆ ಕೊಡುವಾಗಲೇ 10% ತೆರಿಗೆ (ಟಿಡಿಎಸ್) ಹಿಡಿಯಬೇಕು. ನಮ್ಮಂಥವರಿಗೆ ಅದು ರಿಟರ್ನ್ ಹಾಕಿದ ಮೇಲೆ ವಾಪಸ್ ಬರುತ್ತದೆ, ಆದರೆ ಅದಕ್ಕಾಗಿ ಇಬ್ಬರೂ ರಿಟರ್ನ್ ಹಾಕಲೇಬೇಕು. ಅತ್ತಿಗೆ ಜೀವನದಲ್ಲಿ ಮೊದಲ ಸಲ ಆದಾಯ ತೆರಿಗೆ ರಿಟರ್ನ್ ಹಾಕಿದ್ದಾರೆ.

ಬ್ಯಾಂಕಿನಲ್ಲಿ ಖಾತೆ ತೆರೆಯುವಾಗ, ಒಬ್ಬರ ಸಹಿ ಸಾಕಾ, ಇಬ್ಬರದೂ ಬೇಕಾ ಅಂತ ಕೇಳಿದ್ದರು. ಒಬ್ಬರದಾದರೆ ಅನುಕೂಲ, ಅತ್ತಿಗೆ ಊರಿನಿಂದ ಬರಬೇಕಾಗಿಲ್ಲ ಅಂತ ಅವರೇ ಹೇಳಿದರು. ನಾನು ಇಬ್ಬರದೂ ಇರಲಿ ಅಂದೆ. ಈಗ ಚೆಕ್ ಕೊಡಬೇಕಾದಾಗೆಲ್ಲ ಅತ್ತಿಗೆ ಬಸ್ಸಿನಲ್ಲಿ ಮಂಡ್ಯಕ್ಕೆ ಬರುತ್ತಾರೆ. ಮೊದಮೊದಲು ನಾನು ತೋರಿಸಿದ ಕಡೆ ಸಹಿ ಹಾಕಿ ಎದ್ದುಬಿಡುತ್ತಿದ್ದರು. ಹೋದ ತಿಂಗಳು ಡಬ್ಬದವರಿಗೆ ಚೆಕ್ ಬರೆದು ಮುಂದಿಟ್ಟೆ. ಕನ್ನಡಕ ಹಾಕಿಕೊಂಡರು, ಪೆನ್ನು ತೆಗೆದುಕೊಳ್ಳಲಿಲ್ಲ. "ಬಿಲ್ ಎಲ್ಲವ್ವ? ಮೊದ್ಲು ಅದ್ ತೋರ್ಸು" ಅಂದರು.